ಮುಂದಿನ್ದು ಕೇಳ್ಬೇಕು

ತಿಪ್ಪೇಸ್ವಾಮಿ ಬಾವನ ಬಾಯಿಗಿಂತ ಮೊದಲು ಬಲಗೈ ತೋರುಬೆರಳು ಮೇಲೇಳುತ್ತಿತ್ತು. ಅದು ಎಡಗೈ ಎಂದು ಅಕ್ಕ ಈಗಲೂ ವಾದಿಸುತ್ತಾಳೆ. ನನ್ನ ನೆನಪನ್ನು ನಾನು ಪೂರ್ತಿ ನಂಬುವವಳಲ್ಲ. ಆದರೆ ಈ ಒಬ್ಬ ಮನುಷ್ಯನ ವಿಷಯದಲ್ಲಿ ಅಕ್ಕನ ನೆನಪನ್ನು ಇನ್ನೂ ಕಡಿಮೆ ನಂಬುತ್ತೇನೆ. ಹಾಗಾಗಿ ಬಲಗೈ ಎಂದೇ ಬರೆಯುತ್ತೇನೆ. ಬೆರಳು ಎದ್ದಿತೆಂದರೆ ಮಾತು ಇಂಥದೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ‘ಇದೇನ್ ಮಹಾ ಬುಡಮ್ಮ, ಮುಂದಿನ್ದು ಕೇಳ್ಬೇಕು.’ ಹಾಡಿಗೆ ಹುಟ್ಟಿದ ಈ ಮಾತು ಕ್ರಮೇಣ ಎಲ್ಲದಕ್ಕೂ ಹಬ್ಬಿತ್ತು. ಒಮ್ಮೆ ಅತ್ತೆ ಮುದ್ದೆಗೆ ಉಪ್ಸಾರು ಬಿಟ್ಟು, ‘ಹೆಂಗದೆ?’ ಎಂದರೆ ಅದಕ್ಕೂ ಬೆರಳೆತ್ತಿ, ‘ಇರ್ಲಿ ಬುಡವ್ವ, ಮುಂದಿನ್ದು ಕೇಳ್ಬೇಕು’ ಎಂದಿದ್ದ. ಸಾರನ್ನು ಕೇಳುವುದು ಹೇಗೆಂದು ಅತ್ತೆ ವಿಚಾರಿಸಲಿಲ್ಲ. ತಟ್ಟೆ ಎಳೆದುಕೊಂಡು ಹೋದಳು.

ಅವನು ನನ್ನ ಸೋದರತ್ತೆಯ ಮಗ. ಹಿಂದೂಪುರದ ಬಸ್‌ಸ್ಟ್ಯಾಂಡಿನ ಹಿಂದೆ, ಎರಡು ಆಳು ಎದುರುಬದುರು ನಿಂತರೆ ತುಂಬಿಹೋಗುವಂಥ ಅಂಗಡಿಯಲ್ಲಿ ಕ್ಯಾಸೆಟ್ಟಿಗೆ ಹಾಡು ತುಂಬಿಕೊಡುತ್ತಿದ್ದ. ಎಂಬತ್ತರ ದಶಕದ ಮಾತು. ಪರಿಗಿ, ರೊದ್ದಂ ಕಡೆಯಿಂದ ಜನ ಚೀಟಿಯಲ್ಲಿ ತೆಲುಗು ಸಿನಿಮಾ ಹಾಡುಗಳ ಹೆಸರು ಬರೆಸಿಕೊಂಡು ಬರುತ್ತಿದ್ದರು. ಅವನು ಆ ಚೀಟಿಯನ್ನು ಎರಡು ಬೆರಳಲ್ಲಿ, ಸತ್ತ ಹಲ್ಲಿಯನ್ನು ಹಿಡಿದಂತೆ ಹಿಡಿಯುತ್ತಿದ್ದ. ಅನ್ನ ಕೊಡುತ್ತಿದ್ದದ್ದು ಆ ಚೀಟಿಗಳೇ. ನಮ್ಮ ಮನೆ ಕಲ್ಯಾಣದುರ್ಗದಲ್ಲಿ. ಡಿಗ್ರಿ ಓದಲು ನಾನು ಹಿಂದೂಪುರದ ಅತ್ತೆಯ ಮನೆಯಲ್ಲಿದ್ದುದರಿಂದ ಅವನನ್ನು ಬಹಳ ಹತ್ತಿರದಿಂದ ನೋಡುವ ದೌರ್ಭಾಗ್ಯ ನನ್ನದಾಯಿತು.

ಅವನ ಭಕ್ತಿಯೆಲ್ಲ ವಿದೇಶದ ಒಂದು ರಾಕ್ ಬ್ಯಾಂಡಿಗೆ ಮೀಸಲು. ಅದರ ಇಂಗ್ಲಿಷ್ ಹೆಸರನ್ನು ಇಲ್ಲಿ ಬರೆದು ಮರ್ಯಾದೆ ಕೊಡುವ ಮನಸ್ಸಿಲ್ಲ. ಕ್ಯಾಸೆಟ್ಟಿನ ಮೇಲೆ ಒಂಟಿಕಾಲಲ್ಲಿ ನಿಂತ ಬೂದು ಹಕ್ಕಿಯ ಚಿತ್ರವಿದ್ದದ್ದರಿಂದ ಊರವರು ಅದನ್ನು ಕೊಕ್ಕರೆ ಬ್ಯಾಂಡು ಎನ್ನುತ್ತಿದ್ದರು, ಅವನನ್ನು ಕೊಕ್ಕರೆ ತಿಪ್ಪಣ್ಣ. ನಾಲ್ಕು ಜನ ಉದ್ದಗೂದಲಿನ ಮುದುಕರು. ಅವರ ಕೊನೆಯ ಆಲ್ಬಮ್ ಬಂದು ಎಷ್ಟೋ ವರ್ಷವಾಗಿತ್ತು. ಮುಂದಿನದಕ್ಕೆ ಬಾವ ಕಾಯುತ್ತಿದ್ದ. ಕಾಯುವುದೆಂದರೆ ಸುಮ್ಮನೆ ಕೂರುವುದಲ್ಲ, ಅದೊಂದು ಉದ್ಯೋಗ ಎಂಬಂತೆ ಕಾಯುತ್ತಿದ್ದ.

ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಅವನ ಪರಿವಾರ ಸೇರುತ್ತಿತ್ತು. ರೇಷ್ಮೆಗೂಡಿನ ಮಾರ್ಕೆಟ್ಟಿನ ಇಬ್ಬರು ದಲ್ಲಾಳಿಗಳು, ಕೊಡಿಕೊಂಡ ಚೆಕ್‌ಪೋಸ್ಟಿನ ಹತ್ತಿರ ಟೀ ಅಂಗಡಿ ಇಟ್ಟಿದ್ದವನೊಬ್ಬ, ರೊದ್ದಂನ ಕಾಂಪೌಂಡರ್ ನರಸಿಂಹಪ್ಪ. ಒಬ್ಬರಿಗೂ ಹಾಡಿನ ಒಂದು ಸಾಲು ಅರ್ಥವಾಗುತ್ತಿರಲಿಲ್ಲ. ಅರ್ಥವಾಗದಿರುವುದನ್ನೇ ಅವರು ಆಳ ಎಂದು ತಿಳಿದಿದ್ದರು. ಕಣ್ಣು ಮುಚ್ಚಿ, ಹಲ್ಲುನೋವಿನವರಂತೆ ಮುಖ ಹಿಂಡಿಕೊಂಡು, ಸವೆದ ಹಳೆಯ ಕ್ಯಾಸೆಟ್ಟುಗಳನ್ನೇ ಮತ್ತೆ ಮತ್ತೆ ಕೇಳುವರು. ಮುಗಿದ ಮೇಲೆ ಮುಂದಿನದು ಹೇಗಿರುತ್ತದೆಂಬ ಚರ್ಚೆ. ಡ್ರಮ್ ಮೊದಲು ಬರುತ್ತದೋ ಗಿಟಾರೋ ಎಂದು ದಲ್ಲಾಳಿಗಳಿಬ್ಬರು ಒಮ್ಮೆ ಮಾತು ಬಿಟ್ಟುಬಿಟ್ಟರು. ಹುಟ್ಟದ ಮಗುವಿನ ಮೂಗಿನ ಮೇಲೆ ಜಗಳ.

ಬೆಂಗಳೂರಿನ ಫುಟ್‌ಪಾತಿನಿಂದ ತಂದ ಹಳೆಯ ವಿದೇಶಿ ಪತ್ರಿಕೆಯೊಂದರಲ್ಲಿ ಆ ಆಲ್ಬಮ್ ‘ಓವರ್‌ಡ್ಯೂ’ ಎಂದು ಬರೆದಿತ್ತು. ಅವತ್ತಿನ ಸಭೆ ನನ್ನ ಕಿವಿಯಲ್ಲಿ ಇನ್ನೂ ಇದೆ.

‘ಓವರ್‌ಡ್ಯೂ ಅಂದ್ರೇನಣ್ಣ?’ ಕಾಂಪೌಂಡರ್ ಕೇಳಿದ.

ಬೆರಳೆದ್ದಿತು. ‘ಕರೆಂಟ್ ಬಿಲ್ಲಿನಾಗೆ ಡ್ಯೂ ಅಂತ ಬರ್ದಿರ್ತಾರಲ್ಲ, ಡ್ಯೂ ಅಂದ್ರೆ ಬಾಕಿ. ಅದು ಓವರ್ ಆಯ್ತು ಅಂದ್ರೆ? ಬಾಕಿ ಮುಗೀತು. ಬಂದ್ಬುಟ್ಟದೆ ಅಂತಾನೆ ಕಣ್ಲಾ!’

ಒಳಗಿನಿಂದ ನಾನು, ‘ಹಂಗಲ್ಲ ಬಾವ, ಬರ್ಬೇಕಾಗಿದ್ದ ಟೈಮ್ ದಾಟೋಯ್ತು ಅಂತ ಅದ್ರ ಅರ್ಥ’ ಎಂದೆ.

‘ನೀ ಸುಮ್ಕಿರಮ್ಮ ಸರಸು. ಕಾಲೇಜ್ ಇಂಗ್ಲಿಷ್ ಬೇರೆ, ರಾಕ್ ಇಂಗ್ಲಿಷ್ ಬೇರೆ.’

ಎಲ್ಲರೂ ತಲೆದೂಗಿದರು. ಕಾಂಪೌಂಡರ್ ಎದ್ದು ಹೋಗಿ ಬೋಂಡ ತಂದ. ಬಾಕಿ ಮುಗಿದ ಸಂತೋಷಕ್ಕೆ.

ಇಷ್ಟೇ ಆಗಿದ್ದರೆ ಅವನನ್ನು ನೆನೆದು ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ನನ್ನ ಅಕ್ಕ ನಾಗವೇಣಿ ಅವನಿಗೇ ಎಂದು ಚಿಕ್ಕಂದಿನಿಂದ ಮಾತಾಗಿತ್ತು. ಅಕ್ಕನಿಗೂ ಅವನೆಂದರೆ ಇಷ್ಟ. ಯಾಕೆಂದು ನಾನು ಕೇಳಿದರೆ ಇವತ್ತಿಗೂ ಸರಿಯಾದ ಉತ್ತರ ಕೊಡುವುದಿಲ್ಲ. ನಮ್ಮಪ್ಪ ಲಗ್ನದ ಮಾತೆತ್ತಿದಾಗ ಬಾವ ಒಂದು ಶಪಥ ಹೂಡಿದ: ಕೊಕ್ಕರೆಗಳ ಹೊಸ ಆಲ್ಬಮ್ ಬರಬೇಕು, ಮದುವೆಯ ಮೈಕ್‌ಸೆಟ್ಟಿನಲ್ಲಿ ವಾಲಗದ ಬದಲು ಅದೇ ಮೊಳಗಬೇಕು, ಆಮೇಲೆ ತಾಳಿ.

‘ಆ ಮುದುಕ್ರು ಹಾಡೋಗಂಟ ನನ್ ಸೊಸೆ ಕಾಯ್ಬೇಕೇನ್ಲಾ?’ ಅತ್ತೆ ಕೂಗಾಡಿದಳು. ‘ವೀರಾಪುರದ ಕೊಕ್ಕರೆ ವರ್ಷಾ ವರ್ಷಾ ಮೊಟ್ಟೆ ಇಕ್ಕಾಕೆ ಬತ್ತವೆ. ನಿನ್ನವು ದಾರಿ ತಪ್ಪವೇನ್ಲಾ?’

‘ಬತ್ತವೆ ಕಣವ್ವ. ಅಂತಿಂಥ ಕೊಕ್ಕರೆ ಅಲ್ಲ ಅವು.’

ವೀರಾಪುರ ನಮ್ಮ ಕಡೆಯವರಿಗೆಲ್ಲ ಗೊತ್ತು. ಊರೊಳಗಿನ ಹುಣಸೆಮರಗಳಿಗೆ ದೂರದೇಶದಿಂದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಊರವರು ಅವನ್ನು ಯಾರೂ ಮುಟ್ಟದಂತೆ ಕಾಯುತ್ತಾರೆ. ಅತ್ತೆಯ ಮಾತು ಹೇಗೋ ಕಲ್ಯಾಣದುರ್ಗಕ್ಕೂ ಮುಟ್ಟಿತು. ನೀರಿಗೆ ನಿಂತರೆ, ಅಂಗಡಿಗೆ ಹೋದರೆ, ಅಕ್ಕನನ್ನು ಹೆಂಗಸರು ತೆಲುಗಿನಲ್ಲಿ ಕೇಳುತ್ತಿದ್ದರು: ‘ಏಮ್ಮಾ ನಾಗವೇಣಿ, ಕೊಂಗಲು ಒಚ್ಚಿನಾಯಾ?’ ಕೊಕ್ಕರೆ ಬಂದವಾ? ಅಕ್ಕ ನಗುತ್ತಿದ್ದಳು. ಬೀದಿಯ ಹೆಣ್ಣುಮಕ್ಕಳ ಮದುವೆಯ ರವಿಕೆಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳು. ತನ್ನದಕ್ಕೆ ಬಟ್ಟೆ ಕತ್ತರಿಸಿ ಇಟ್ಟಿದ್ದಳು, ಹೊಲಿದಿರಲಿಲ್ಲ. ‘ಅಳತೆ ಬದಲಾಯ್ತದೆ ಕಣೇ, ಯಾಕೆ ಈಗ್ಲೇ’ ಎನ್ನುತ್ತಿದ್ದಳು. ಅವಳಿಗಿಂತ ಚಿಕ್ಕವರು ಬಾಣಂತನಕ್ಕೆ ತವರಿಗೆ ಬಂದುಹೋಗುತ್ತಿದ್ದರು. ಆ ಕತ್ತರಿಸಿದ ಬಟ್ಟೆ ನೋಡಿದಾಗಲೆಲ್ಲ ನನಗೆ ಜಗಲಿಯ ಮೇಲೆ ಮುಖ ಹಿಂಡಿ ಕೂತವರನ್ನು ಸಾಲಾಗಿ ನಿಲ್ಲಿಸಿ ಬೈಯಬೇಕೆನಿಸುತ್ತಿತ್ತು.

ಕಡೆಗೊಂದು ದಿನ ಆಲ್ಬಮ್ ಬಂದೇಬಿಟ್ಟಿತು. ಬೆಂಗಳೂರಿನ ಯಾರೋ ಅಸಲಿ ಕ್ಯಾಸೆಟ್ಟನ್ನು ಒಂದು ಹಗಲಿನ ಮಟ್ಟಿಗೆ ಕೊಟ್ಟಿದ್ದರು. ಸಂಜೆಯ ಬಸ್ಸಿಗೆ ವಾಪಸ್ ಕಳಿಸಬೇಕು. ಬಾವನ ಹತ್ತಿರ ಎರಡು ಟೇಪ್ ಡೆಕ್ಕುಗಳಿದ್ದವು. ಹಳೆಯದರಲ್ಲಿ ಅಸಲಿ ಓಡುತ್ತಿತ್ತು, ಹೊಸದರಲ್ಲಿ ಕಾಪಿ ತುಂಬುತ್ತಿತ್ತು. ಹಳೆಯ ಡೆಕ್ಕಿನೊಳಗೆ ಚಕ್ರ ತಿರುಗಿಸುವ ರಬ್ಬರ್ ಬೆಲ್ಟು ಆ ವಾರವೇ ಹರಿದಿತ್ತು. ಅವನು ಪಂಕ್ಚರ್ ಅಂಗಡಿಯಿಂದ ಸೈಕಲ್ ಟ್ಯೂಬಿನ ತುಂಡು ತಂದು, ಬಳೆಯ ಹಾಗೆ ಸಣ್ಣಗೆ ಕತ್ತರಿಸಿ ಹಾಕಿದ್ದ. ‘ಕಂಪ್ನಿ ಬೆಲ್ಟಿಗಿಂತ ಗಟ್ಟಿ ಕಣಮ್ಮ’ ಎಂದು ನನಗೆ ತೋರಿಸಿಯೂ ಇದ್ದ. ಅಂಗಡಿಯಲ್ಲಿ ಕೇಳಿದರೆ ಗೌರವವಿಲ್ಲವೆಂದು ಸೌಂಡು ಪೂರ್ತಿ ಇಳಿಸಿ, ಕಣ್ಣೂ ಬೇರೆಡೆ ಇಟ್ಟುಕೊಂಡೇ ಕಾಪಿ ಮಾಡಿದ. ಮೊದಲ ಕೇಳಿಕೆ ಜಗಲಿಯ ಮೇಲೆ, ಪರಿವಾರದ ಜೊತೆಗೇ ಆಗಬೇಕಿತ್ತು.

ಆ ಭಾನುವಾರ ಹೊಸ ಡೆಕ್ಕನ್ನು ಜಗಲಿಗೆ ತಂದಿಟ್ಟು ಕಾಪಿ ಹಾಕಿದ. ಹಾಡು ಶುರುವಾಯಿತು. ಬಾವಿಯ ತಳದಿಂದ ಯಾರೋ ಭಾರ ಎತ್ತುತ್ತಿರುವ ಹಾಗೆ ಒಂದು ದನಿ. ಒಂದೊಂದು ಏಟಿಗೂ ನಡುವೆ ಉಸಿರು ಬಿಟ್ಟು ನಡೆಯುವ ಡ್ರಮ್ಮು. ನಾನೂ ಬಾಗಿಲ ಹತ್ತಿರ ನಿಂತುಬಿಟ್ಟೆ, ಸುಳ್ಳು ಹೇಳುವುದಿಲ್ಲ.

‘ತೂಕ ನೋಡ್ಲಾ, ತೂಕ!’ ಒಬ್ಬ ದಲ್ಲಾಳಿ ಪಿಸುಗುಟ್ಟಿದ.

‘ವಯಸ್ಸಾಯ್ತಲ್ಲ, ಗಂಟ್ಲು ಮಾಗ್ಬುಟ್ಟದೆ’ ಎಂದ ಕಾಂಪೌಂಡರ್. ಅವನ ಕಣ್ಣಲ್ಲಿ ನೀರು.

ಬಾವ ಬೆರಳೆತ್ತಲಿಲ್ಲ. ನಾನು ಕಂಡಂತೆ ಅವನು ‘ಮುಂದಿನ್ದು’ ಎನ್ನದೆ ಕೇಳಿ ಮುಗಿಸಿದ ಹಾಡುಗಳು ಅವಷ್ಟೇ. ಮಾರನೆಯ ದಿನವೇ ಒಂದು ಕಾಪಿ ಹಿಡಿದು ಕಲ್ಯಾಣದುರ್ಗಕ್ಕೆ ಹೋದ. ಅಪ್ಪ ಮಾಘಮಾಸಕ್ಕೆ ಲಗ್ನ ನಿಶ್ಚಯಿಸಿದರು. ಅಕ್ಕ ಮಿಷನ್ನಿನ ಪಕ್ಕ ಆ ಕ್ಯಾಸೆಟ್ಟು ಹಾಕಿಕೊಂಡು, ಅದೇ ನಿಧಾನಕ್ಕೆ ಪೆಡಲು ತುಳಿಯುತ್ತ ತನ್ನ ರವಿಕೆ ಹೊಲಿದಳು.

ಈ ಮಧ್ಯೆ ಪರಿಗಿಯ ಗಿರಾಕಿಯೊಬ್ಬ ಅಂಗಡಿಗೆ ಬಂದು ಕ್ಯಾಸೆಟ್ಟನ್ನು ಬಾವನ ಮುಂದೆ ಕುಕ್ಕಿದನಂತೆ. ‘ಮದುವೆ ಮನೆಗೆ ಅಂತ ಡ್ಯುಯೆಟ್ ತುಂಬ್ಸಿದ್ರೆ, ಹೆಣದ ಮುಂದೆ ಹಾಡ್ದಂಗದಲ್ಲಯ್ಯಾ!’ ಬಾವ ಸೈಕಲ್ ಟ್ಯೂಬು ಕಿತ್ತೆಸೆದು ಕಂಪನಿ ಬೆಲ್ಟು ಹಾಕಿದ. ಡ್ಯುಯೆಟ್ಟು ನೆಟ್ಟಗಾಯಿತು. ಅದೇ ಟ್ಯೂಬಿನ ಮೇಲೆ ಕೊಕ್ಕರೆಗಳೂ ಓಡಿದ್ದವು ಎಂದು ಅವನಿಗೆ ಹೊಳೆಯಲಿಲ್ಲವೇ, ಅಥವಾ ಹೊಳೆದೂ ಬಾಯಿ ಮುಚ್ಚಿಕೊಂಡನೇ? ಮೂರ್ಖ ಎಂದುಕೊಳ್ಳುವುದು ನನಗೆ ಅನುಕೂಲ. ಆದರೂ ಖಾತ್ರಿಯಿಲ್ಲ.

ಅಷ್ಟರಲ್ಲಿ ಡಿಗ್ರಿ ಮುಗಿದು ನಾನು ಅನಂತಪುರದಲ್ಲಿ ಎಂ.ಎ.ಗೆ ಸೇರಿದ್ದೆ. ಹಾಸ್ಟೆಲಿನ ರೂಮ್‌ಮೇಟ್ ಹತ್ತಿರ ಅದೇ ಆಲ್ಬಮ್ಮಿನ ಅಸಲಿ ಇತ್ತು. ಅವಳು ಹಾಕಿದಾಗ ಮೊದಲು ನನಗೆ ಗುರುತೇ ಹತ್ತಲಿಲ್ಲ. ಹೆಸರು ಅದೇ, ಮಾತು ಅದೇ, ಆದರೆ ಹಾಡು ಕುಣಿದಾಡಿಕೊಂಡು ಓಡುತ್ತಿತ್ತು. ಹಲ್ಲುಸೆಟ್ಟು ಹಾಕಿದ ಮುದುಕರು ಕಾಲೇಜು ಹುಡುಗರಂತೆ ಕೀರಲು ದನಿ ತೆಗೆದಿದ್ದರು. ಸೈಕಲ್ ಟ್ಯೂಬು ನೆನಪಾಯಿತು. ನಾನು ನಕ್ಕಷ್ಟು ಆ ಹಾಸ್ಟೆಲಿನಲ್ಲಿ ಯಾರೂ ನಕ್ಕಿರಲಿಕ್ಕಿಲ್ಲ.

ಮುಂದಿನ ಭಾನುವಾರ ಆ ಕ್ಯಾಸೆಟ್ಟಿನೊಂದಿಗೆ ಹಿಂದೂಪುರದ ಜಗಲಿಗೆ ಹೋದೆ. ಹೊಸ ಡೆಕ್ಕಿಗೆ ಹಾಕಿದೆ. ಎರಡು ಹಾಡು ಮುಗಿದವು.

‘ತಿಪ್ಪಣ್ಣ,’ ಕಾಂಪೌಂಡರ್ ಮೆಲ್ಲಗೆ ಅಂದ, ‘ಐಸ್‌ಕ್ಯಾಂಡಿ ಮಾರೋನು ಗಂಟೆ ಹೊಡ್ಕಂಡು ಬಂದಂಗದಲ್ಲಣ್ಣ.’

‘ಡೂಪ್ಲಿಕೇಟು’ ಎಂದ ಬಾವ.

‘ನಿಂದು ಡೂಪ್ಲಿಕೇಟು ಬಾವ. ಸೈಕಲ್ ಟ್ಯೂಬ್ ಜಾರಿ ಹಾಡು ನಿಧಾನ ಆಗದೆ. ನೀನು ಕಾಯ್ತಿದ್ದದ್ದು ಇದೇ.’

ಅವನು ಕವರನ್ನು ತಿರುಗಿಸಿ ನೋಡಿದ, ಹಕ್ಕಿಯ ಚಿತ್ರವನ್ನು ಹೆಬ್ಬೆರಳಿನಿಂದ ಒರೆಸಿ ನೋಡಿದ. ಆಲ್ಬಮ್ ಬಂದಿದೆ, ಅದು ಸಾಧಾರಣವಾಗಿದೆ ಎಂದು ಒಪ್ಪಿಕೊಂಡಿದ್ದರೆ ಮುಗಿಯುತ್ತಿತ್ತು. ಎಲ್ಲರೂ ನಕ್ಕು ಮದುವೆ ಊಟಕ್ಕೆ ಬರುತ್ತಿದ್ದರು. ಆದರೆ ಬೆರಳು ಎದ್ದಿತು.

‘ಇದು ಅದಲ್ಲ. ಅದು ಇನ್ನೂ ಬಂದಿಲ್ಲ ಅಂತಾಯ್ತು. ಮುಂದಿನ್ದು ಕೇಳ್ಬೇಕು ಕಣ್ರಲಾ.’

‘ಲಗ್ನ?’ ನಾನು ಕೇಳಿದೆ.

‘ಕೊಟ್ಟ ಮಾತು ಮಾತೇ ಅಲ್ವೇನಮ್ಮ. ಅದು ಬಂದ್ಮೇಲೆ.’

ಪರಿವಾರ ತಲೆದೂಗಿತು. ಅದನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಅತ್ತೆ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ‘ನೀ ಕಾಯಪ್ಪ, ನಿನ್ ಕೂದ್ಲು ಕೊಕ್ಕರೆ ಬಣ್ಣ ಆಗಗಂಟ ಕಾಯಿ. ನನ್ ಸೊಸೆ ಕಾಯಲ್ಲ’ ಎಂದವಳೇ ಬೆಳಗಿನ ಬಸ್ಸಿಗೆ ನನ್ನನ್ನೂ ಎಬ್ಬಿಸಿಕೊಂಡು ಕಲ್ಯಾಣದುರ್ಗಕ್ಕೆ ಹೊರಟಳು.

ಅಕ್ಕ ಎಲ್ಲವನ್ನೂ ಮಿಷನ್ನಿನ ಮೇಲೆ ಕೈಯಿಟ್ಟು ಕೇಳಿದಳು. ಅಳುತ್ತಾಳೆಂದುಕೊಂಡಿದ್ದೆ. ‘ಸೈಕಲ್ ಟ್ಯೂಬಾ?’ ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಆಮೇಲೆ, ‘ಕೊಕ್ಕರೆ ಬಂದ್ರೂ ಇನ್ ನಾನು ಒಲ್ಲೆ ಅಂತ ಹೇಳ್ಬುಡಿ ಅತ್ತೆ’ ಎಂದಳು. ತಾನು ಹಾಗನ್ನಲೇ ಇಲ್ಲ, ಅತ್ತೆಯೇ ಸಂಬಂಧ ಮುರಿದಳು ಎಂದು ಅಕ್ಕ ಈಗ ಹೇಳುತ್ತಾಳೆ. ಆದರೆ ಆ ಮಾತನ್ನಾಡುವಾಗ ಅವಳು ಸೂಜಿಗೆ ದಾರ ಪೋಣಿಸುತ್ತಿದ್ದದ್ದು, ದಾರ ಮೊದಲ ಸಲಕ್ಕೇ ಹೊಕ್ಕದ್ದು ನನಗೆ ಕಾಣುತ್ತದೆ. ಇಲ್ಲದ್ದನ್ನು ಇಷ್ಟು ಸ್ಪಷ್ಟವಾಗಿ ಕಾಣುವುದುಂಟೆ? ಉಂಟು ಎಂದೂ ಗೊತ್ತು.

ಅದೇ ಮಾಘದಲ್ಲಿ, ಅದೇ ರವಿಕೆ ತೊಟ್ಟು, ಅವಳು ರೊದ್ದಂ ಕಡೆಯ ಒಬ್ಬ ಮೇಷ್ಟ್ರನ್ನು ಮದುವೆಯಾದಳು. ವಾಲಗ ಊದಿಸಿದರು. ಬಾವ ಬಂದಿದ್ದ. ಹೋಳಿಗೆ ಎರಡು ಸಲ ಹಾಕಿಸಿಕೊಂಡ. ಮೈಕ್‌ಸೆಟ್ಟಿನವನಿಗೆ ‘ಬೇಸ್ ಕಮ್ಮಿ ಅದೆ ಕಣಯ್ಯ’ ಎಂದು ಬುದ್ಧಿ ಹೇಳಿದ. ಅಷ್ಟೇ ಅವನ ದುಃಖ.

ಕಡೆಯ ಸಲ ಅವನನ್ನು ಕಂಡದ್ದು ತೊಂಬತ್ತರ ದಶಕ ಮುಗಿಯುತ್ತಿದ್ದಾಗ, ಕೊಡಿಕೊಂಡದಲ್ಲಿ. ಬೆಂಗಳೂರಿನಿಂದ ಬಂದಿಳಿದು ಹಿಂದೂಪುರದ ಬಸ್ಸಿಗೆ ನಿಂತಿದ್ದೆ. ಚೆಕ್‌ಪೋಸ್ಟಿನ ಲಾರಿಗಳ ಸಾಲಿನ ಪಕ್ಕ ತಗಡಿನ ಅಂಗಡಿಯಲ್ಲಿ ಡ್ರೈವರುಗಳಿಗೆ ದೇವರ ಹಾಡಿನ ಕ್ಯಾಸೆಟ್ಟು ಮಾರುತ್ತಿದ್ದ. ಕೂದಲು ಅತ್ತೆ ಹೇಳಿದ ಬಣ್ಣಕ್ಕೆ ತಿರುಗಿತ್ತು. ಮದುವೆಯಾಗಿರಲಿಲ್ಲ. ಬಿಸಿಲಿಗಿಳಿದು ನನ್ನ ಪಕ್ಕ ಬಂದು ನಿಂತ.

‘ನಾಗವೇಣಿ ಹೆಂಗವ್ಳಮ್ಮ?’

‘ಚೆನ್ನಾಗವ್ಳೆ. ಮಗಳು ಸ್ಕೂಲಿಗೆ ಹೋಯ್ತಾಳೆ.’ ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ‘ಕೊಕ್ಕರೆಗಳು ಬ್ಯಾಂಡ್ ಮುಚ್ಚಿದ್ರಂತಲ್ಲ ಬಾವ, ಪೇಪರ್‌ನಾಗೆ ಬಂದಿತ್ತು. ಇನ್ ಯಾವ ಆಲ್ಬಮ್ಮೂ ಇಲ್ವಂತೆ.’

ಅವನ ಕೈ ಮೇಲೇಳುವುದನ್ನು ಕಂಡು, ಇಗೋ ಬಂತು, ಎಂದುಕೊಂಡೆ. ಬೆರಳು ನನ್ನ ಹಿಂದಿನ ರಸ್ತೆಯ ಕಡೆ ತಿರುಗಿತು.

‘ಬಸ್ ಬಂತು ನೋಡಮ್ಮ, ಹತ್ಕೋ.’

ಬ್ಯಾಗು ಎತ್ತಿಕೊಂಡು ತಿರುಗಿದೆ. ಬೋರ್ಡು ಓದಿದೆ. ಬಾಗೇಪಲ್ಲಿ.

‘ಇದಲ್ಲ ಬಾವ.’

‘ಹಂಗಾರೆ ಮುಂದಿನ್ದು’ ಎಂದ. ತಮಾಷೆಯ ಮುಖವಲ್ಲ. ಹೇಳಿ ಅಂಗಡಿಯೊಳಕ್ಕೆ ಹೋಗಿ ಒಬ್ಬ ಡ್ರೈವರಿಗೆ ಯಾವುದೋ ಕ್ಯಾಸೆಟ್ಟಿನ ಧೂಳು ಒರೆಸತೊಡಗಿದ.

ಮುಂದಿನದು ಹಿಂದೂಪುರದ್ದೇ ಆಗಿತ್ತು. ಹತ್ತಿ ಕಿಟಕಿಯಿಂದ ನೋಡಿದೆ. ಅವನು ತಲೆ ಎತ್ತಲಿಲ್ಲ.