ಮುಕ್ಕಾಲಿಗೆ ಮರಳಿದ ನೆಂಚಿಯೊ

ನಮ್ಮ ಬೀದಿಯಲ್ಲಿ ಮುಕ್ಕಾಲಿ ಮೇಲೆ ಕೂತು ಜೋಡು ಹೊಲಿಯುವ ನೆಂಚಿಯೊ ನಾಲ್ಕಕ್ಷರ ಓದಿದವನಲ್ಲ. ಆದರೂ ಹಳೇ ರೋಮಿನ ಬಗ್ಗೆ ಅವನಷ್ಟು ಮಾತಾಡುವವರು ಇಡೀ ಫ್ಲಾರೆನ್ಸಿನಲ್ಲಿ ಇರಲಿಲ್ಲ. ಪಂಡಿತರಿಗೂ ಪಾದಗಳಿರುತ್ತವಲ್ಲ! ಅವರು ಅಳತೆ ಕೊಡಲು ಕಾಲು ಚಾಚಿ ಕೂತು ರೋಮಿನ ರಾಜ್ಯಭಾರದ ಬಗ್ಗೆ ಜಗಳಾಡುತ್ತಿದ್ದರು. ಇವನು ಪಾದ ಹಿಡಿದುಕೊಂಡೇ ಎಲ್ಲ ಕಲಿತ. ಸಂಜೆಗೆ ಎದುರಂಗಡಿಯಲ್ಲಿ ಕಾಲುಚೀಲ ಮಾರುವ ನನ್ನ ತಲೆ ತಿನ್ನುತ್ತಿದ್ದ.

"ರೋಮಲ್ಲಿ ಆಳೋರು ಯಾವಾಗ್ಲೂ ಇಬ್ರು ಕಣೋ ಮಾಸೊ. ಒಬ್ಬಂಗೆ ತಲೆ ತಿರುಗಿದ್ರೆ ಇನ್ನೊಬ್ಬ ಕಿವಿ ಹಿಂಡ್ಬೇಕು!"

ಅವನಿಗೆ ಎಲ್ಲಕ್ಕಿಂತ ಪ್ರಿಯವಾದದ್ದು ಸಿನ್ಸಿನಾಟಸನ ಕತೆ. ಹೊಲ ಉಳುತ್ತಿದ್ದವನನ್ನು ಕರೆದು ಸರ್ವಾಧಿಕಾರ ಕೊಟ್ಟರು. ಹದಿನಾರೇ ದಿನದಲ್ಲಿ ಊರು ಉಳಿಸಿ, ಅಧಿಕಾರ ಬಿಸಾಕಿ, ಆತ ಮತ್ತೆ ನೇಗಿಲಿಗೆ ಬಂದ. "ಊರಾಳೋಕೆ ನನ್ನ ಹೆಸರು ಬಂದ್ರೆ ನಾನೂ ಅಷ್ಟೇ. ಕೆಲ್ಸ ಮುಗೀತು, ಮುಕ್ಕಾಲಿಗೆ ಬಂದೆ," ಎನ್ನುತ್ತಿದ್ದ.

ಬಂದೇಬಿಟ್ಟಿತು! ನಮ್ಮಲ್ಲಿ ಊರಾಳುವ ಒಂಬತ್ತು ಜನರ ಹೆಸರನ್ನು ಚರ್ಮದ ಚೀಲದಿಂದ ಚೀಟಿ ಎತ್ತಿ ಕೂಗುತ್ತಾರೆ. ಹೆಸರು ಬಂದವರು ಎರಡು ತಿಂಗಳು ಅರಮನೆಯಲ್ಲೇ ಇರಬೇಕು, ಮನೆಗೆ ಬರುವಂತಿಲ್ಲ. ನೆಂಚಿಯೊನ ಹೆಸರು ಕೂಗಿದಾಗ ಬೀದಿಯೇ ಕುಣಿಯಿತು. ಅವನ ಹೆಂಡತಿ ತೆಸ್ಸಾ ಮಾತ್ರ ಕೈಯಲ್ಲಿದ್ದ ದಬ್ಬಳ ಕೆಳಗಿಡಲಿಲ್ಲ.

"ಹೋಗ್ಬನ್ನಿ ರೋಮಿನ ರಾಯರೇ. ಅಧಿಕಾರದ ಕೆಂಪು ನಿಲುವಂಗಿ ಮೈಗೆ ಅಂಟ್ಕೊಂಡ್ರೆ ಮುಕ್ಕಾಲಿ ಚುಚ್ಚತ್ತೆ, ಜೋಕೆ!"

"ಕಡೇ ದಿನ ಅರಮನೆ ಗಂಟೆ ಹೊಡೆದು ನಿಲ್ಲೋದ್ರೊಳ್ಗೆ ಇಲ್ಲಿ ಕೂತಿರ್ತೀನಿ ನೋಡೇ," ಎಂದು ಅವನು ಎಲ್ಲರೆದುರು ಆಣೆ ಇಟ್ಟ.

ಅರಮನೆಯಲ್ಲಿ ನಡೆದದ್ದನ್ನು ಹೊರಗೆ ಬಾಯಿಬಿಡಬಾರದು ಎಂದು ಇನ್ನೊಂದು ಆಣೆಯಿತ್ತು. ಇಟ್ಟವನು ನೆಂಚಿಯೊ, ಆದ್ದರಿಂದ ನಮ್ಮ ಬೀದಿಗೆಲ್ಲ ಗೊತ್ತು. ಬೆಳ್ಳಿ ತಟ್ಟೆಯಲ್ಲಿ ಹುಂಜದ ಮಾಂಸ, ಊಟಕ್ಕೆ ಕೂತರೆ ಕೊಳಲಿನವರು, ಮಲಗಲು ಹಂಸದ ಗರಿಯ ಹಾಸಿಗೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ನಮ್ಮವನು ಹಲ್ಲುಜ್ಜುವಾಗಲೂ ಕೆಂಪು ನಿಲುವಂಗಿ ಬಿಚ್ಚಲಿಲ್ಲವಂತೆ.

ಅವಧಿ ಮುಗಿಯಲು ಮೂರು ದಿನವಿದ್ದಾಗ ಗಡಿಯಲ್ಲಿ ಶತ್ರು ಸಿಪಾಯಿಗಳು ಸೇರಿದ ಸುದ್ದಿ ಬಂತು. ಒಂಬತ್ತರಲ್ಲಿ ಒಬ್ಬನಾದ ಉಣ್ಣೆ ವ್ಯಾಪಾರಿ ಉಗೊಲಿನೊ ಎದ್ದು ನಿಂತ.

"ಇಂಥಾ ಹೊತ್ತಲ್ಲಿ ಬದಲಾವಣೆ ಬೇಡ. ನಾವೇ ಆರು ತಿಂಗಳು ಇರೋಣ. ರೋಮಲ್ಲೂ ಹಂಗೇ ಮಾಡ್ತಿದ್ರು."

ನಮ್ಮಲ್ಲಿ ಮತ ಎಂದರೆ ಚೀಲಕ್ಕೆ ಕಾಳು ಹಾಕುವುದು. ಕಪ್ಪು ಹೌದು, ಬಿಳಿ ಬೇಡ. ಆರು ಕಪ್ಪು ಬೀಳಬೇಕು. ಉಗೊಲಿನೊ ಸೇರಿ ಐವರು ಕಪ್ಪಿನ ಕಡೆ ಇರುವುದು ಎಲ್ಲರಿಗೂ ಗೊತ್ತಿತ್ತು. ಚೀಲ ಕೊನೆಗೆ ನೆಂಚಿಯೊನ ಮುಂದೆ ಬಂತು. ಬಲಗೈಯಲ್ಲಿ ಕಪ್ಪು, ಎಡಗೈಯಲ್ಲಿ ಬಿಳಿ. ಮೂಗಿಗೆ ಹುರಿದ ಹುಂಜದ ವಾಸನೆ! ಬಲಗೈ ತಾನಾಗಿಯೇ ಮೇಲೆದ್ದಿತಂತೆ, ಪಾಪ. ಅಷ್ಟರಲ್ಲಿ ಅವನಿಗೆ ಪಂಡಿತರು ಹೇಳಿದ ಇನ್ನೊಂದು ಕತೆ ನೆನಪಾಯಿತು. ಕಾನೂನು ಬರೆಯಲೆಂದು ಒಂದು ವರ್ಷಕ್ಕೆ ಕೂತ ಹತ್ತು ಜನ ಆಮೇಲೆ ಏಳಲೇ ಇಲ್ಲ, ರೋಮಿನ ಜನ ಅವರನ್ನು ಓಡಿಸಬೇಕಾಯಿತು. ಕಣ್ಣು ಮುಚ್ಚಿಕೊಂಡು ಬಿಳಿ ಕಾಳು ಹಾಕಿದ. ಕಪ್ಪನ್ನು ಜೇಬಿಗೆ ಸೇರಿಸಿದ. ಆರನೇ ಕಪ್ಪು ಬೀಳದೆ ಉಗೊಲಿನೊನ ಮಾತು ಬಿದ್ದುಹೋಯಿತು.

ಕಡೇ ದಿನ ಗಂಟೆ ಶುರುವಾದದ್ದೇ ತಡ, ಸೇತುವೆ ಮೇಲೆ ನಿಲುವಂಗಿ ಎತ್ತಿಕಟ್ಟಿ ಓಡಿಬಂದ. ಗಂಟೆ ಇನ್ನೂ ಹೊಡೆಯುತ್ತಿತ್ತು. ಮುಕ್ಕಾಲಿ ಮೇಲೆ ತೆಸ್ಸಾ ಕೂತಿದ್ದಳು, ಅವಳ ಕೈಯಲ್ಲಿ ಒಬ್ಬ ಪಂಡಿತರ ಪಾದವಿತ್ತು.

"ಏಳೇ ಬೇಗ, ನನ್ನ ಆಣೆ ಮುರಿಯತ್ತೆ!"

ಏದುಸಿರು ಬಿಡುತ್ತ ಕಾಳಿನ ಕತೆಯನ್ನೆಲ್ಲ ಒದರಿದ. ತೆಸ್ಸಾ ಪೂರ್ತಿ ಕೇಳಿ ಪಂಡಿತರ ಕಡೆ ತಿರುಗಿದಳು.

"ಸ್ವಾಮಿ, ಆ ಸಿನ್ಸಿನಾಟಸ ಹದಿನಾರು ದಿನ ಊರು ಉಳಿಸ್ತಿದ್ನಲ್ಲ, ಆಗ ಅವನ ಹೊಲ ಉತ್ತೋರು ಯಾರು?"

ಪಂಡಿತರು ತಬ್ಬಿಬ್ಬಾದರು. "ಅದು... ಗ್ರಂಥದಲ್ಲಿಲ್ಲಮ್ಮ. ಹೆಂಡ್ತಿ ಗುಡಿಸಲಿಂದ ಅವನ ಬಟ್ಟೆ ತಂದ್ಕೊಟ್ಳು ಅಂತಿದೆ."

"ಬಟ್ಟೆ ತಂದ್ಕೊಟ್ಟೋಳೇ ಉತ್ತಿರ್ತಾಳೆ ಬಿಡಿ. ಎರಡು ತಿಂಗಳು ಇಲ್ಲಿ ಹೊಲಿದೋಳು ನಾನು. ಒಂದು ಜೊತೇನೂ ವಾಪಸ್ ಬಂದಿಲ್ಲ."

"ನನ್ನ ಕಾಲಿಗೆ ಗುಳ್ಳೆ ಏಳ್ದೇ ಇರೋದು ಇದೇ ಮೊದ್ಲು," ಎಂದರು ಪಂಡಿತರು. ನಾನು ನಗು ತಡೆಯಲಾರದೆ ಬಾಗಿಲು ಹಿಡಿದುಕೊಂಡೆ.

"ಕೂತೋರು ಏಳಲ್ಲ ಅಂದ್ರೆ ನೀನೂ ಆ ಹತ್ತು ಜನರ ಹಾಗೇ ಆದೆ ಕಣೇ!" ಎಂದು ನೆಂಚಿಯೊ ಕೂಗಿದ.

"ಹಂಗಾದ್ರೆ ಮತಕ್ಕೆ ಹಾಕಿ. ನಾನು ಈ ಕೆಲ್ಸದಲ್ಲೇ ಇರ್ಬೇಕೋ ಬೇಡ್ವೋ? ನಿಮ್ಮೊಬ್ರದ್ದೇ ಮತ." ತೆಸ್ಸಾ ನಗುತ್ತಲೇ, ದಬ್ಬಳ ಬಿಡದೆ, ಮಡಿಲನ್ನು ಚೀಲದಂತೆ ಒಡ್ಡಿದಳು.

ನೆಂಚಿಯೊ ಜೇಬಿಗೆ ಕೈಹಾಕಿದ. ಅಲ್ಲಿದ್ದದ್ದು ಒಂದೇ ಕಾಳು, ಅಂದು ಉಳಿಸಿಕೊಂಡ ಕಪ್ಪು. ಅದನ್ನು ಎತ್ತಿ ನಮಗೆಲ್ಲ ತೋರಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತ ಅದನ್ನು ಅವಳ ಮಡಿಲಿಗೆ ಹಾಕಿದ.

ಗಂಟೆ ನಿಂತಿತು. ಅವನು ಬರಿಯ ನೆಲದ ಮೇಲೆ ಕೂತು ನನ್ನನ್ನು ಕರೆದ.

"ಮಾಸೊ, ಬಡಗಿಗೆ ಇನ್ನೊಂದು ಮುಕ್ಕಾಲಿ ಹೇಳ್ಬಾರೋ. ರೋಮಲ್ಲೂ ಇಬ್ರೇ ಇರ್ತಿದ್ರು."