ಬೀರುವಿನ ಹಿಂದಿನ ಪುರಾವೆ

ಮ್ಯಾಸಚೂಸೆಟ್ಸ್‌ನ ಒಂದು ನಿಘಂಟು ಕಚೇರಿಯಲ್ಲಿ ಇಪ್ಪತ್ತು ವರ್ಷ ಸವೆಸಿದ್ದ ಲವೀನಿಯಾ ಸ್ಟೊಡರ್ಡ್‌ಳ ಪಾಲಿಗೆ ಆ ಸಲ ಬಂದದ್ದು ‘ರನ್’ ಎಂಬ ಪದ. ನೋಡಲು ಇಷ್ಟೇ ಇಷ್ಟು, ಹೊಟ್ಟೆ ಮಾತ್ರ ಬಕಾಸುರನದು. ಮೂಗು ಸೋರಿದರೂ ರನ್, ಕಾಲುಚೀಲದ ಎಳೆ ಬಿಚ್ಚಿದರೂ ರನ್, ಅಂಗಡಿ ನಡೆಸಿದರೂ ರನ್. ಚುನಾವಣೆಗೆ ನಿಂತವನು ಕೂಡ ಇಲ್ಲಿ ಓಡುತ್ತಲೇ ಇರುತ್ತಾನೆ. ಅಚ್ಚಾದ ವಾಕ್ಯಗಳನ್ನು ಬರೆದಿಟ್ಟ ಸಾವಿರಾರು ಚೀಟಿಗಳನ್ನು ಒಂಬತ್ತು ತಿಂಗಳು ಜಾಲಾಡಿ ಅವಳು ನೂರೆಂಬತ್ತು ಅರ್ಥಗಳನ್ನು ಬೇರ್ಪಡಿಸಿದಳು. ಪ್ರತಿ ಅರ್ಥಕ್ಕೂ ಅಚ್ಚಾದ ಮೂರು ವಾಕ್ಯಗಳ ಪುರಾವೆ ಬೇಕು, ಮೂರನ್ನೂ ಬೇರೆ ಬೇರೆಯವರು ಬರೆದಿರಬೇಕು. ಹೊಸಬರಿಗೆ ಈ ನಿಯಮವನ್ನು ಅರೆದು ಕುಡಿಸುತ್ತಿದ್ದವಳೂ ಅವಳೇ.

ಮಾರ್ಚ್ ತಿಂಗಳ ಶುಕ್ರವಾರ, ಕೆಲಸ ಮುಗಿಯಿತೆಂದು ಹೇಳಲು ಬೆಟ್ಟದೂರಿನಲ್ಲಿದ್ದ ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಆಸಾ ಎಪ್ಪತ್ತನಾಲ್ಕರಲ್ಲೂ ಮೇಪಲ್ ಮರಗಳ ರಸ ಇಳಿಸಿ ಪಾಕ ಕಾಯಿಸುತ್ತಿದ್ದ.

“ಎರಡನೇ ರನ್ ಚೆನ್ನಾಗಿ ಬಂತು ಕಣೆ, ಬೆಳಿಗ್ಗೆಯಿಂದ ಕುದಿಸ್ತಾನೇ ಇದೀನಿ,” ಎಂದ.

ಲವೀನಿಯಾ ಫೋನ್ ಇಟ್ಟವಳೇ ಚೀಟಿಗಳ ಪೆಟ್ಟಿಗೆಗೆ ಕೈ ಹಾಕಿದಳು. ಮರದಿಂದ ರಸ ಇಳಿಯುವ ಒಂದೊಂದು ಸರದಿಗೂ ಅವಳೂರಿನಲ್ಲಿ ರನ್ ಎನ್ನುತ್ತಾರೆ. ಅದಕ್ಕೆ ಒಂದೇ ಒಂದು ಚೀಟಿ ಇರಲಿಲ್ಲ. ತಪ್ಪು ಯಾರದೆಂದು ಹುಡುಕಬೇಕಾಗಿರಲಿಲ್ಲ. ಆ ಸೀಮೆಯ ಪತ್ರಿಕೆಗಳನ್ನು ಓದಿ ಚೀಟಿ ಬರೆಯುತ್ತಿದ್ದವಳು ಅವಳೇ. ಅಪರೂಪದ ಪದ ಕಂಡರೆ ಹದ್ದಿನಂತೆ ಎರಗುತ್ತಿದ್ದವಳು, ಮನೆಯ ಮಾತನ್ನು ಮಾತೆಂದೇ ಎಣಿಸಿರಲಿಲ್ಲ. ನಾಚಿಕೆಯಾಯಿತು. ಸೋಮವಾರ ಪುಟ ಅಚ್ಚಿಗೆ ಹೋಗುವುದಿತ್ತು. ಆಮೇಲೆ ಮುಂದಿನ ಆವೃತ್ತಿ ಬರುವವರೆಗೆ, ಅಂದರೆ ಇನ್ನು ಇಪ್ಪತ್ತೈದು ವರ್ಷ, ಆ ನಿಘಂಟಿನಲ್ಲಿ ಅಪ್ಪನ ಮಾತಿಗೆ ಜಾಗವಿಲ್ಲ.

ಆದರೆ ಪುರಾವೆ ಎಲ್ಲಿದೆ ಎಂಬುದು ಅವಳಿಗೆ ಗೊತ್ತಿತ್ತು. ಊರ ಮನೆಯ ಮಹಡಿಯ ಕೋಣೆಗೆ ಚಳಿ ನುಗ್ಗದಂತೆ ಅಮ್ಮ ಗೋಡೆಗೆಲ್ಲ ಹಳೆಯ ವಾರಪತ್ರಿಕೆ ಅಂಟಿಸಿದ್ದಳು. ಲವೀನಿಯಾ ಅಕ್ಷರ ಕಲಿತದ್ದೇ ಆ ಗೋಡೆಯಲ್ಲಿ. ಶನಿವಾರ ಮೊದಲ ಬಸ್ಸಿಗೇ ಹೊರಟಳು.

ಮಧ್ಯಾಹ್ನದೊಳಗೆ ಬೇರೆ ಬೇರೆಯವರು ಬರೆದ ಎರಡು ವಾಕ್ಯ ಸಿಕ್ಕಿದವು. ಮೂರನೆಯದಕ್ಕೆ ಉಳಿದದ್ದು ಬೀರುವಿನ ಹಿಂದಿನ ಗೋಡೆ ಮಾತ್ರ. ಅದನ್ನು ಸರಿಸೋಣವೆಂದರೆ, ಊರವರ ಸಾಮಾನು ಹೊರಲೆಲ್ಲ ಹೆಗಲು ಕೊಡುತ್ತಿದ್ದ ಅಪ್ಪ ಸೊಂಟ ನೋವೆಂದ, ನೆಲ ಸವೆಯುತ್ತದೆಂದ, ಕೊನೆಗೆ ಇಲಿ ಇದೆ ಎಂದ. ಅವಳು ಒಬ್ಬಳೇ ತಳ್ಳಿದಳು.

ಬೀರುವಿನ ಹಿಂದೆ, ಮೊದಲು ಮಂಚವಿದ್ದ ಕಡೆ, ದಿಂಬಿನ ಎತ್ತರಕ್ಕೆ ಸರಿಯಾಗಿ, ಊರ ಸುದ್ದಿಯ ಅಂಕಣವಿತ್ತು: ‘ಗುರುವಾರ ಈ ಋತುವಿನ ಎರಡನೇ ರನ್. ಅಂದೇ ಶ್ರೀಮತಿ ಸ್ಟೊಡರ್ಡ್ ತವರಿನಲ್ಲಿ ಹೆಣ್ಣು ಮಗುವನ್ನು ಹೆತ್ತರು. ಶನಿವಾರ ಸಂಜೆ ತಂದೆ ಬಂದು ಮಗುವಿನ ಮುಖ ನೋಡಿದರು.’

“ನಿಮ್ಮಮ್ಮ ಬೇಕಂತಲೇ ನನ್ನ ದಿಂಬಿನ ಪಕ್ಕಕ್ಕೇ ಅಂಟಿಸಿದ್ಲು,” ಎಂದ ಆಸಾ, ನೆಲ ನೋಡುತ್ತಾ. “ಬೀರು ತಂದಿಟ್ಟಿದ್ದು ನಾನು. ರಸ ಬಿಟ್ಟು ಬಂದಿದ್ರೆ ಹುಳಿಯಾಗೋದು ಕಣೆ. ಆದ್ರೂ ಅವಳ ತವರು ನಾಲ್ಕೇ ಮೈಲಿ. ಬರಬೇಕಿತ್ತು.”

“ನೀನು ಎರಡು ದಿನ ತಡ ಮಾಡಿದೆ ಅಪ್ಪ. ನಾನು ಇಪ್ಪತ್ತು ವರ್ಷ,” ಎಂದು ಅವಳು ವಾಕ್ಯ ಬರೆದುಕೊಳ್ಳಲು ಖಾಲಿ ಚೀಟಿ ತೆಗೆದಳು.

ಸೋಮವಾರ ಮುಖ್ಯ ಸಂಪಾದಕ ಕಿಂಬಲ್ ಮೂರೂ ಚೀಟಿಗಳನ್ನು ಓದಿದರು. ಕನ್ನಡಕದ ಮೇಲಿಂದ ಅವಳನ್ನೂ ಚೀಟಿಯಲ್ಲಿದ್ದ ಸ್ಟೊಡರ್ಡ್ ಎಂಬ ಹೆಸರನ್ನೂ ನೋಡಿ, ಮಗುವಿನ ಸಂಗತಿ ಪುರಾವೆಗೆ ಅಗತ್ಯವೇ ಎಂದು ಕೇಳಿದರು. ಬರೆದವರ ಮಾತನ್ನು ಮೊಟಕು ಮಾಡುವಂತಿಲ್ಲವಲ್ಲ ಸರ್ ಎಂದಳು ಲವೀನಿಯಾ, ಹೊಸಬರಿಗೆ ಪಾಠ ಹೇಳುವ ಅದೇ ದನಿಯಲ್ಲಿ. ಅವರು ಸಹಿ ಹಾಕಿದರು. ನೂರೆಂಬತ್ತೊಂದನೆಯ ಅರ್ಥ ಅಚ್ಚಿಗೆ ಹೋಯಿತು.

ಮುಂದಿನ ಶನಿವಾರ ಅದನ್ನು ಹೇಳಲು ಊರಿಗೆ ಹೋದಳು. ಹಗಲು ಬಿಸಿಲಾಗಿತ್ತು, ದಾರಿಯುದ್ದಕ್ಕೂ ಮರಗಳಿಗೆ ಕಟ್ಟಿದ ಬಕೆಟ್‌ಗಳಲ್ಲಿ ರಸ ತೊಟ್ಟಿಕ್ಕುತ್ತಿತ್ತು, ಮೂರನೇ ರನ್. ಬಸ್ಸು ನಿಂತಾಗ, ಮೈಯೆಲ್ಲ ಹೊಗೆ ವಾಸನೆ ಹೊತ್ತ ಅಪ್ಪ ರಸ್ತೆಬದಿಯಲ್ಲಿ ಕಾಯುತ್ತಿದ್ದ. ಒಲೆಯನ್ನು ಪಕ್ಕದ ತೋಟದವನಿಗೆ ಒಪ್ಪಿಸಿ ಬಂದಿದ್ದನಂತೆ.