ಹೆಜ್ಜೇನಿನ ನೆಪ

ಮೊನ್ನೆ ತುಮಕೂರಿನ ಬಾಳೆಹಣ್ಣಿನ ಮಂಡಿಯ ಮುಂದೆ ಹೋಗುವಾಗ ಕಾರ್ಬೈಡ್ ವಾಸನೆ ಮೂಗಿಗೆ ಬಡಿಯಿತು. ಕಾಯಿ ಬೇಗ ಹಣ್ಣಾಗಲೆಂದು ಕದ್ದು ಇಡುತ್ತಾರಲ್ಲ, ಅದೇ. ಜನ ಮೂಗು ಮುಚ್ಚಿಕೊಂಡು ದಾಟಿದರು, ನಾನು ಅಲ್ಲೇ ನಿಂತೆ. ಗುಬ್ಬಿಯಲ್ಲಿ ನಮ್ಮ ಪಕ್ಕದ ಮನೆಯ ತಾತನ ಕೈಚೀಲದಿಂದ ಬರುತ್ತಿದ್ದ ವಾಸನೆ ಅದು...

ತೊಂಬತ್ತರ ದಶಕದ ಕೊನೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಊರಾಚೆಯ ಗುಡ್ಡದಲ್ಲಿ ಎಂದೋ ಮುಚ್ಚಿದ ಮ್ಯಾಂಗನೀಸ್ ಗಣಿಯಿತ್ತು. ಭಾನುವಾರ ಅಲ್ಲಿಗೆ ಹೋಗಿ, ಮಕ್ಕಳಿಗೆ ತೋರಿಸಲು ಶಾಲೆಯ ಬೀರುವಿಗೆಂದು ಕಲ್ಲು ಆರಿಸಿ ಚೀಲದಲ್ಲಿ ತರುತ್ತಿದ್ದೆ. ತಾತ ಹರೆಯದಲ್ಲಿ ಅದೇ ಗಣಿಯಲ್ಲಿ ದುಡಿದವರು. ಕರೆಯದಿದ್ದರೂ ಚೀಲ ಹೆಗಲಿಗೇರಿಸಿ, "ದಾರಿ ತೋರುಸ್ತೀನಿ ನಡೀರಿ ಮೇಷ್ಟ್ರೇ" ಎಂದು ಜೊತೆಗೆ ಹೊರಟುಬಿಡುತ್ತಿದ್ದರು.

ತುಕ್ಕು ಹಿಡಿದ ಟ್ರಾಲಿ ಹಳಿ, ಬಿದ್ದುಹೋದ ಗಣಿ ಕಚೇರಿಯ ಗೋಡೆ, ನೀರು ನಿಂತ ಗುಂಡಿಗಳು, ಎಲ್ಲ ತೋರಿಸಿದರು. ಗುಡ್ಡದ ಹಿಂಬದಿಗೆ ಮಾತ್ರ ಬಿಡುತ್ತಿರಲಿಲ್ಲ. "ಆ ಕಡೆ ಬ್ಯಾಡಿ, ಹೆಜ್ಜೇನು ಕಟ್ಟೈತೆ." ಯುಗಾದಿಗೂ ಹೆಜ್ಜೇನು, ದೀಪಾವಳಿಗೂ ಹೆಜ್ಜೇನು! ವಾಪಸು ಬರುವಾಗ ನನ್ನನ್ನು ಮುಂದೆ ಕಳಿಸಿ ತಾವು ಹಿಂದುಳಿಯುತ್ತಿದ್ದರು.

ಅನುಮಾನ ನನ್ನ ಹುಟ್ಟುಗುಣ. ಹಾಲಿಗೆ ಬೆರಳದ್ದಿ ನೋಡದೆ ಕೊಂಡವನೇ ಅಲ್ಲ. ಒಮ್ಮೆ ಅವರ ಚೀಲಕ್ಕೆ ಇಣುಕಿದೆ. ನಿಂಬೆಹಣ್ಣು, ಕುಂಕುಮ, ಗಣಿಯವರು ಹಿಡಿಯುತ್ತಿದ್ದ ಕಾರ್ಬೈಡ್ ದೀಪ. ಇನ್ನೇನು ಬೇಕು? "ತಾತ ನಿಧಿ ಹುಡುಕ್ತವ್ರೆ ಕಣೇ" ಎಂದು ಹೆಂಡತಿಗೆ ಪಿಸುಗುಟ್ಟಿದೆ. "ಅದಕ್ಕೇ ಹರಿದ ಚಪ್ಪಲಿ ಹಾಕ್ಕೊಂಡು ಓಡಾಡ್ತಾರೆ ಅಲ್ವಾ?" ಎಂದು ನಕ್ಕಳು. ನಾನು ನಗಲಿಲ್ಲ.

ತಾತನಿಗೆ ಜ್ವರ ಬಂದ ಭಾನುವಾರ ಒಬ್ಬನೇ ಗುಡ್ಡದ ಹಿಂಬದಿಗೆ ಹೋದೆ. ಹೆಜ್ಜೇನೂ ಇಲ್ಲ, ಅಗೆದ ಗುರುತೂ ಇಲ್ಲ. ಕುಸಿದು ಮುಚ್ಚಿಹೋದ ಸುರಂಗದ ಬಾಯಿ, ಅದಕ್ಕೆ ಅಡ್ಡ ಹಾಕಿದ ಜಾಲಿಮುಳ್ಳು, ಕುಂಕುಮ ಹಚ್ಚಿದ ಕಲ್ಲು, ಒಣಗಿದ ನಿಂಬೆಹಣ್ಣು. ಹಿಂದಿನಿಂದ ಏದುಸಿರು ಕೇಳಿಸಿತು. ಕಂಬಳಿ ಹೊದ್ದುಕೊಂಡೇ ತಾತ ಗುಡ್ಡ ಹತ್ತಿ ಬಂದಿದ್ದರು.

"ಕಂಪ್ನಿಯೋರ್ಗೆ ಈ ಜಾಗ ಹೇಳ್ಬ್ಯಾಡಿ ಸ್ವಾಮಿ. ನನ್ ತಮ್ಮ ಒಳಗೇ ಅವ್ನೆ. ಈಚೆಗೆ ತೆಗೆಯಕ್ಕಾಗ್ಲಿಲ್ಲ... ವಾರಕ್ಕೊಂದ್ಸಲ ದೀಪ ತೋರ್ಸಿ ಹೋಗ್ತೀನಿ."

"ಯಾವ ಕಂಪ್ನಿ ತಾತ?"

"ಹಿಂದ್ಲು ಕಾಲ್ದಲ್ಲೂ ಹಿಂಗೇ ಚೀಲ ಹಿಡ್ಕಂಡು ಕಲ್ಲು ಆಯೋರು ಬಂದ್ರು. ಆಮ್ಯಾಕೆ ಗಣಿ ಬಂತು. ನೀವು ಆಯದು ನೋಡೇ ನಿಮ್ಮಿಂದೆ ಬಿದ್ದಿದ್ದು ನಾನು."

ಅಷ್ಟು ದಿನ ನಾನು ಅವರ ಮೇಲೆ ಕಣ್ಣಿಟ್ಟಿದ್ದರೆ ಅವರು ನನ್ನ ಮೇಲೆ ಕಣ್ಣಿಟ್ಟಿದ್ದರು. ನನಗೆ ನಾಚಿಕೆಯಾಯಿತು. ಶಾಲೆಯ ಬೀರುವಿನ ಕಥೆ ಹೇಳಿ, ಯಾರಿಗೂ ಬಾಯಿ ಬಿಡುವುದಿಲ್ಲವೆಂದು ಆ ಕಲ್ಲು ಮುಟ್ಟಿ ಆಣೆ ಮಾಡಿದೆ. ತಾತ ತಲೆಯಾಡಿಸಿದರು. ಆದರೆ ಅವರ ಕಣ್ಣು ನನ್ನ ಚೀಲದ ಮೇಲೇ ಇತ್ತು.

ಮರುವರ್ಷ ನನಗೆ ಕುಣಿಗಲ್‌ಗೆ ವರ್ಗವಾಯಿತು. ಕೆಲವು ವರ್ಷಗಳ ನಂತರ ಅದಿರಿಗೆ ಬೆಲೆ ಬಂದು ಗುಡ್ಡಕ್ಕೆ ಬುಲ್ಡೋಜರ್ ಹತ್ತಿತು. ಹಿಂಬದಿಯಿಂದಲೇ ಅಗೆತ ಶುರುವಾಯಿತಂತೆ. ಸುದ್ದಿ ಕೇಳಿದ ವಾರವೇ ಗುಬ್ಬಿಗೆ ಹೋದೆ. ತಾತನ ಸೊಸೆ ಒಳಗೆ ಕರೆಯಲಿಲ್ಲ.

"ಮಾವ ಹೋಗಿ ತಿಂಗ್ಳಾಯ್ತು. ಬುಲ್ಡೋಜರ್ ಬಂದಾಗ್ಲಿಂದ ಒಂದೇ ಮಾತು, 'ಮೇಷ್ಟ್ರು ಹೇಳ್ಬುಟ್ರು' ಅಂತ. ಏನ್ ಹೇಳುದ್ರಿ ಮೇಷ್ಟ್ರೇ?"

ಏನೂ ಹೇಳಿಲ್ಲಮ್ಮ ಎಂದೆ. ಆಕೆ ನಂಬಲಿಲ್ಲ. ಆಕೆಯ ಜಾಗದಲ್ಲಿದ್ದರೆ ನಾನೂ ನಂಬುತ್ತಿರಲಿಲ್ಲ.

ಮೊನ್ನೆ ಮಂಡಿಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಎತ್ತಿ, ಹಳೇ ಚಾಳಿ, ಮೂಸಿ ನೋಡಿದೆ. "ಏನೂ ಹಾಕಿಲ್ಲ ಸಾರ್, ನಂಬಿ" ಎಂದ ಅಂಗಡಿಯವನು. ಸುಳ್ಳೆಂದು ಗೊತ್ತಿದ್ದೂ ಕೊಂಡುಕೊಂಡೆ. ಅದೇ ಮಾತನ್ನು ನಾನು ಹೇಳಬೇಕಾದವರು ಈಗ ಇಲ್ಲ... ನಾನು ಹೇಳಲಿಲ್ಲ ತಾತ, ನಂಬಿ.